ಒಂದೇ ಫೈಲಿನ ಡೆಸ್ಕ್‌ಟಾಪ್ ಆ್ಯಪ್ ಅನ್ನು ಮಾಡ್ಯೂಲ್‌ಗಳಾಗಿ ಬಿಡಿಸುವುದು ಹೇಗೆ?

ಪೈಥಾನ್ ಕಲಿತು, ಕಿಟಕಿ, ಬಟನ್ ಮಾಡಿಕೊಡುವ ಪೈಸೈಡ್6 ಲೈಬ್ರರಿ ಹಾಕಿಕೊಂಡು, ಅಂಗಡಿಗೋ ಸಂಘಕ್ಕೋ ಒಂದು ಬಿಲ್ಲಿಂಗ್ ಆ್ಯಪ್ ಬರೆದವರ ಕೋಡ್ ನೋಡಿದರೆ ಹೆಚ್ಚಿನವು ಒಂದೇ ಥರ ಇರುತ್ತವೆ. 'ಮೇನ್' ಅಂತ ಒಂದು ಫೈಲು. ಅದರೊಳಗೆ 'ಮೇನ್‌ವಿಂಡೋ' ಅಂತ ಒಂದು ಕ್ಲಾಸ್. ಬಟನ್, ಟೇಬಲ್, ಡೇಟಾಬೇಸ್, ತೆರಿಗೆ ಲೆಕ್ಕ, ಪ್ರಿಂಟ್ ಎಲ್ಲವೂ ಅದರ ಹೊಟ್ಟೆಯಲ್ಲೇ. ಮುನ್ನೂರು ಸಾಲು ಇರುವ ತನಕ ಇದರಿಂದ ಏನೂ ತೊಂದರೆ ಇಲ್ಲ. ಎರಡು ಸಾವಿರ ಸಾಲು ಆದ ಮೇಲೆ ಒಂದು ಸಣ್ಣ ಬದಲಾವಣೆಗೂ ಅರ್ಧ ದಿನ ಹೋಗುತ್ತದೆ.

2025ರ ಸೆಪ್ಟೆಂಬರ್ 22ನ್ನೇ ತೆಗೆದುಕೊಳ್ಳಿ. ಅವತ್ತಿನಿಂದ ಜಿಎಸ್‌ಟಿ ದರಗಳು ಬದಲಾದವು. ಶೇ 12 ಮತ್ತು ಶೇ 28ರಲ್ಲಿದ್ದ ಬಹುತೇಕ ಸಾಮಾನುಗಳು ಶೇ 5 ಅಥವಾ ಶೇ 18ಕ್ಕೆ ಬಂದವು, ಕೆಲವು ಶೇ 40ಕ್ಕೆ ಹೋದವು. ಒಂದೇ ಫೈಲಿನ ಆ್ಯಪ್‌ನಲ್ಲಿ ಇದಕ್ಕೆ ಏನು ಮಾಡಬೇಕು? 0.12 ಅಂತ ಹುಡುಕಬೇಕು. ಮೊತ್ತ ತೋರಿಸುವ ಲೇಬಲ್ ಹತ್ತಿರ ಒಂದು ಸಿಗುತ್ತದೆ. ಸೇವ್ ಮಾಡುವ ಕಡೆ ಇನ್ನೊಂದು. ಪ್ರಿಂಟ್ ಮಾಡುವ ಕಡೆ 'ಶೇ 12' ಎಂಬ ಬರಹ. ತಿಂಗಳ ವರದಿಯಲ್ಲಿ 1.12ರಿಂದ ಭಾಗಿಸಿದ ಒಂದು ಸಾಲು, ಇದು ಹುಡುಕಾಟಕ್ಕೆ ಸಿಗುವುದೇ ಇಲ್ಲ. ಎಲ್ಲವನ್ನೂ ಹಿಡಿದು ಬದಲಿಸಿದಿರಿ ಅಂತಲೇ ಇಟ್ಟುಕೊಳ್ಳಿ. ಈಗ ಗಿರಾಕಿ ಬಂದು ಆಗಸ್ಟ್ ತಿಂಗಳ ಬಿಲ್ಲಿನ ಇನ್ನೊಂದು ಪ್ರತಿ ಕೇಳಿದರೆ ಅದರಲ್ಲೂ ಹೊಸ ದರವೇ ಅಚ್ಚಾಗುತ್ತದೆ.

ಹಾಗಾಗಿ ಫೈಲು ಉದ್ದವಾಯಿತು ಅಂತ ಕೋಡ್ ಬಿಡಿಸುವುದಲ್ಲ. ಬೇರೆ ಬೇರೆ ಕಾರಣಕ್ಕೆ ಬದಲಾಗುವ ಸಂಗತಿಗಳು ಬೇರೆ ಬೇರೆ ಕಡೆ ಇರಲಿ ಅಂತ ಬಿಡಿಸುವುದು. ತೆರಿಗೆ ದರ ಸರ್ಕಾರ ಹೇಳಿದಾಗ ಬದಲಾಗುತ್ತದೆ. ಬಟನ್ನಿನ ಜಾಗ ಅಂಗಡಿಯವರು ಹೇಳಿದಾಗ ಬದಲಾಗುತ್ತದೆ. ಡೇಟಾ ಇಡುವ ರೀತಿ ನಿಮಗೆ ಬೇಕೆನಿಸಿದಾಗ ಬದಲಾಗುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಸ್ 1972ರಲ್ಲೇ ಬರೆದ ಪ್ರಬಂಧದ ತಿರುಳೂ ಇದೇ. ಕೆಲಸ ನಡೆಯುವ ಕ್ರಮ ನೋಡಿ ಮಾಡ್ಯೂಲ್ ಮಾಡಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಮಾಡ್ಯೂಲಿನೊಳಗೆ ಬಚ್ಚಿಡಿ ಅಂತ ಅವರ ವಾದ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಪೈಸೈಡ್6 ಮತ್ತು ಎಸ್‌ಕ್ಯೂಲೈಟ್ (ಒಂದೇ ಫೈಲಿನಲ್ಲಿ ಇರುವ ಸಣ್ಣ ಡೇಟಾಬೇಸ್) ಬಳಸಿದ ಒಂದು ಸಣ್ಣ ಅಂಗಡಿಯ ಬಿಲ್ಲಿಂಗ್ ಆ್ಯಪ್. ಟಿಕಿಂಟರ್, ಜಿಟಿಕೆ ಅಥವಾ ಸಿ ಶಾರ್ಪ್‌ನಲ್ಲಿ ಬರೆಯುವವರಿಗೂ ಮುಕ್ಕಾಲು ಭಾಗ ಹಾಗೇ ಹೊಂದುತ್ತದೆ. ಫೈಲು, ಫೋಲ್ಡರುಗಳ ಹೆಸರನ್ನು ಓದಲು ಸುಲಭ ಆಗಲಿ ಅಂತ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಇಡಿ.

ಕೈ ಹಾಕುವ ಮುಂಚೆ

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ಈಗ ಓಡುತ್ತಿರುವ ಸ್ಥಿತಿಯಲ್ಲೇ ಒಂದು ಕಮಿಟ್ ಮಾಡಿ, ಅಂದರೆ ದಾಖಲಿಸಿಡಿ. ಡೇಟಾಬೇಸ್ ಫೈಲಿನ ಒಂದು ಪ್ರತಿ ತೆಗೆದು, ಮುಂದಿನ ಎಲ್ಲ ಪ್ರಯೋಗವನ್ನೂ ಆ ಪ್ರತಿಯ ಮೇಲೆ ಮಾಡಿ. ಅಂಗಡಿಯ ಅಸಲಿ ಫೈಲು ಪಕ್ಕಕ್ಕಿರಲಿ.

ಆಮೇಲೆ ಹಳೆಯ ಆ್ಯಪ್‌ನಿಂದ ಐದಾರು ಬಿಲ್ಲು ಆರಿಸಿಕೊಳ್ಳಿ. ಒಂದೇ ಸಾಮಾನು ಇರುವುದು, ರಿಯಾಯಿತಿ ಕೊಟ್ಟಿರುವುದು, ಎರಡು ತೆರಿಗೆ ದರ ಬೆರೆತಿರುವುದು, ಒಂದೂಕಾಲು ಕೆಜಿ ಥರ ತೂಕದ ಸಾಮಾನು ಇರುವುದು. ಅವುಗಳ ಮೊತ್ತ, ತೆರಿಗೆ ಬರೆದಿಟ್ಟುಕೊಳ್ಳಿ. ಒಂದೊಂದು ಹಂತ ಮುಗಿದಾಗಲೂ ಇವೇ ಅಂಕಿಗಳು ಬರುತ್ತಿವೆಯೇ ಅಂತ ನೋಡಿದರೆ ಸಾಕು.

ಇನ್ನೊಂದು ನಿಯಮ: ಸರಿಸುವುದು ಬೇರೆ, ಸರಿಪಡಿಸುವುದು ಬೇರೆ. ಒಂದು ಫಂಕ್ಷನ್ನನ್ನು ಬೇರೆ ಫೈಲಿಗೆ ಒಯ್ಯುವಾಗ ಅದರಲ್ಲಿರುವ ತಪ್ಪು ಕಣ್ಣಿಗೆ ಬಿದ್ದರೂ ಆಗಲೇ ತಿದ್ದಬೇಡಿ. ಸರಿಸಿದ್ದಕ್ಕೆ ಒಂದು ಕಮಿಟ್, ತಿದ್ದಿದ್ದಕ್ಕೆ ಇನ್ನೊಂದು. ನಾಳೆ ಮೊತ್ತ ಒಂದು ರೂಪಾಯಿ ಹೆಚ್ಚು ಕಡಿಮೆ ಬಂದಾಗ ಯಾವುದರಿಂದ ಬಂತು ಅಂತ ಹುಡುಕುವುದು ಆಗ ಸುಲಭ.

ಹಂತ 1: ಸಾಲು ಸಾಲಿಗೂ ಗುರುತು ಹಾಕಿ

ಹೊಸ ಫೋಲ್ಡರ್ ಮಾಡುವ ಆತುರ ಬೇಡ. ಮೊದಲು ಇರುವ ಕೋಡ್ ಓದಿ. ಪ್ರತಿ ಫಂಕ್ಷನ್ ಮುಂದೆ ಎರಡೇ ಪ್ರಶ್ನೆ ಇಡಿ. ಇದು ಯಾವುದಾದರೂ ವಿಜೆಟ್ (ಬಟನ್, ಬಾಕ್ಸ್, ಟೇಬಲ್ ಥರ ಕಿಟಕಿಯಲ್ಲಿ ಕಾಣುವ ಭಾಗ) ಮುಟ್ಟುತ್ತದೆಯೇ? ಇದು ಡಿಸ್ಕ್ ಅಥವಾ ಡೇಟಾಬೇಸ್ ಮುಟ್ಟುತ್ತದೆಯೇ? ವಿಜೆಟ್ ಮುಟ್ಟಿದರೆ 'ಪರದೆ' ಅಂತ ಬರೆಯಿರಿ. ಡಿಸ್ಕ್ ಮುಟ್ಟಿದರೆ 'ಉಗ್ರಾಣ'. ಎರಡನ್ನೂ ಮುಟ್ಟದಿದ್ದರೆ 'ಲೆಕ್ಕ'.

ತೊಂದರೆ ಇರುವುದು ಮೂರನ್ನೂ ಮಾಡುವ ಫಂಕ್ಷನ್‌ಗಳಲ್ಲಿ. ಸೇವ್ ಬಟನ್ ಒತ್ತಿದಾಗ ಓಡುವ ಫಂಕ್ಷನ್ ಇದಕ್ಕೆ ಒಳ್ಳೆಯ ಮಾದರಿ. ಎಪ್ಪತ್ತು ಎಂಬತ್ತು ಸಾಲು ಇರುತ್ತದೆ, ಒಳಗೆ ಬಿಡಿಸಿ ನೋಡಿದರೆ ಹೀಗೆ:

– ಗಿರಾಕಿ ಹೆಸರಿನ ಬಾಕ್ಸ್‌ನಿಂದ ಪಠ್ಯ ತೆಗೆಯುವುದು (ಪರದೆ)
– ಪ್ರಮಾಣ, ದರ ಬಾಕ್ಸ್‌ಗಳ ಪಠ್ಯವನ್ನು ಸಂಖ್ಯೆ ಮಾಡುವುದು (ಪರದೆ)
– ಪ್ರಮಾಣ ಸೊನ್ನೆ ಇದೆಯೇ, ದರ ಖಾಲಿ ಇದೆಯೇ ಅಂತ ನೋಡುವುದು (ಲೆಕ್ಕ)
– ತಪ್ಪಿದ್ದರೆ ಮೆಸೇಜ್ ಬಾಕ್ಸ್ ತೋರಿಸುವುದು (ಪರದೆ)
– ತೆರಿಗೆ ಹಾಕಿ ಮೊತ್ತ ಕಂಡುಹಿಡಿಯುವುದು (ಲೆಕ್ಕ)
– ಮುಂದಿನ ಬಿಲ್ ನಂಬರ್ ಯಾವುದು ಅಂತ ಡೇಟಾಬೇಸ್‌ಗೆ ಕೇಳುವುದು (ಉಗ್ರಾಣ)
– ಬಿಲ್ಲನ್ನು ಬರೆಯುವುದು (ಉಗ್ರಾಣ)
– ಫಾರ್ಮ್ ಖಾಲಿ ಮಾಡಿ, ಕೆಳಗಿನ ಟೇಬಲ್‌ಗೆ ಹೊಸ ಸಾಲು ಸೇರಿಸುವುದು (ಪರದೆ)

ಪರದೆ, ಲೆಕ್ಕ, ಪರದೆ, ಲೆಕ್ಕ, ಉಗ್ರಾಣ, ಪರದೆ. ಹೀಗೆ ಹೆಣೆದುಕೊಂಡಿರುವುದರಿಂದಲೇ ಕಿಟಕಿ ತೆರೆಯದೆ ತೆರಿಗೆ ಲೆಕ್ಕವನ್ನು ಪರೀಕ್ಷಿಸಲು ಆಗುವುದಿಲ್ಲ. ಮುಂದಿನ ಹಂತಗಳಲ್ಲಿ ಮಾಡುವುದೆಲ್ಲ ಈ ಒಂದು ಫಂಕ್ಷನ್ನಿನ ಎಳೆಗಳನ್ನು ಬೇರೆ ಮಾಡುವ ಕೆಲಸವೇ.

ಹಂತ 2: ಫೋಲ್ಡರುಗಳು, ಮತ್ತು ಯಾರು ಯಾರನ್ನು ಕರೆಯಬಹುದು

'ಅಂಗಡಿ' ಅಂತ ಒಂದು ಪ್ಯಾಕೇಜ್ ಮಾಡಿ. ಅದರೊಳಗೆ ಇಷ್ಟು ಸಾಕು:

– ಲೆಕ್ಕ: ಬಿಲ್ಲು, ಸಾಮಾನು, ತೆರಿಗೆ, ಮೊತ್ತ. ಶುದ್ಧ ಪೈಥಾನ್ ಮಾತ್ರ.
– ಉಗ್ರಾಣ: ಎಸ್‌ಕ್ಯೂಲೈಟ್ ಜೊತೆ ಮಾತಾಡುವ ಕೋಡ್.
– ಪರದೆ: ಕಿಟಕಿ, ಫಾರ್ಮ್, ಟೇಬಲ್, ಡಯಲಾಗ್.
– ಮುದ್ರಣ: ಬಿಲ್ಲಿನ ಪಿಡಿಎಫ್, ಪ್ರಿಂಟರ್.
– ಜೋಡಣೆ: ಮೇಲಿನ ನಾಲ್ಕನ್ನೂ ತಂತಿ ಹಾಕಿ ಸೇರಿಸುವ ಒಂದೇ ಫೈಲು.
– ಮೇನ್: ಆ್ಯಪ್ ಶುರು ಮಾಡುವ ಹತ್ತಿಪ್ಪತ್ತು ಸಾಲು.

ಫೋಲ್ಡರ್ ಹೆಸರಿಗಿಂತ ಮುಖ್ಯ ಇಂಪೋರ್ಟ್ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು. 'ಲೆಕ್ಕ' ಯಾರನ್ನೂ ಇಂಪೋರ್ಟ್ ಮಾಡಬಾರದು. 'ಉಗ್ರಾಣ', 'ಪರದೆ', 'ಮುದ್ರಣ' ಮೂರೂ 'ಲೆಕ್ಕ'ವನ್ನು ಇಂಪೋರ್ಟ್ ಮಾಡಬಹುದು, ಆದರೆ ಒಂದನ್ನೊಂದು ಮಾಡಬಾರದು. 'ಜೋಡಣೆ'ಗೆ, ಆ್ಯಪ್ ಶುರು ಮಾಡುವ 'ಮೇನ್'ಗೆ ಮಾತ್ರ ಎಲ್ಲರ ಪರಿಚಯ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ನಿಯಮ ಪಾಲಿಸುತ್ತೇನೆ ಅಂದರೆ ಇದನ್ನೇ ಪಾಲಿಸಿ.

ಮುಖ್ಯ ಫೈಲಿಗೆ ಎರಡೂ ಬದಿ ಎರಡೆರಡು ಅಂಡರ್‌ಸ್ಕೋರ್ ಇರುವ 'ಮೇನ್' ಅಂತಲೇ ಹೆಸರಿಡಿ. ಆಗ ಪ್ಯಾಕೇಜಿನ ಹೊರಗಿನ ಫೋಲ್ಡರಿನಲ್ಲಿ ನಿಂತು 'ಪೈಥಾನ್, ಹೈಫನ್ ಎಂ, ಅಂಗಡಿ' ಅಂತ ಕೊಟ್ಟರೆ ಆ್ಯಪ್ ಓಡುತ್ತದೆ. ಒಳಗಿನ ಯಾವುದೋ ಫೈಲನ್ನು ನೇರವಾಗಿ ಓಡಿಸಿದರೆ ಪೈಥಾನ್ ಆ ಫೈಲಿನ ಫೋಲ್ಡರನ್ನೇ ಹುಡುಕಾಟದ ಮೊದಲ ಜಾಗ ಮಾಡಿಕೊಳ್ಳುತ್ತದೆ. ಆಗ ಪ್ಯಾಕೇಜ್ ಸಿಗಲಿಲ್ಲ ಎಂಬ ದೋಷ ಬರುತ್ತದೆ. ಇನ್ನೂ ಕೆಟ್ಟದ್ದು, ಅಲ್ಲಿ 'ಕ್ಯಾಲೆಂಡರ್', 'ಕ್ಯೂ', 'ಲಾಗಿಂಗ್', 'ಇಮೇಲ್' ಥರದ ಹೆಸರಿನ ಫೈಲು ಇದ್ದರೆ ಪೈಥಾನ್ ಜೊತೆ ಬರುವ ಅದೇ ಹೆಸರಿನ ಮಾಡ್ಯೂಲ್ ಬದಲು ನಿಮ್ಮದು ಇಂಪೋರ್ಟ್ ಆಗುತ್ತದೆ. ದೋಷ ಸಂಬಂಧವೇ ಇಲ್ಲದ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥ ಹೆಸರುಗಳನ್ನು ಬಿಟ್ಟುಬಿಡಿ.

ಹಂತ 3: ಮೊದಲು ಲೆಕ್ಕವನ್ನು ಹೊರಗೆ ತನ್ನಿ

ಪರದೆಯಿಂದ ಶುರು ಮಾಡುವವರೇ ಜಾಸ್ತಿ, ಕಣ್ಣಿಗೆ ಕಾಣುವುದು ಅದೇ ಅಲ್ವಾ. ಆದರೆ ಲೆಕ್ಕ ಮೊದಲು ಬಂದರೆ ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಎರಡು ಡೇಟಾಕ್ಲಾಸ್ (ಬರೀ ಮಾಹಿತಿ ಹಿಡಿದಿಡುವ ಪೈಥಾನ್ ಕ್ಲಾಸ್) ಸಾಕು. 'ಬಿಲ್‌ಸಾಲು': ಸಾಮಾನಿನ ಹೆಸರು, ಪ್ರಮಾಣ, ದರ, ತೆರಿಗೆ ದರ. 'ಬಿಲ್ಲು': ನಂಬರ್, ದಿನಾಂಕ, ಗಿರಾಕಿ, ಸಾಲುಗಳ ಪಟ್ಟಿ. ಇವುಗಳಿಗೆ ಪರದೆ ಎಂಬುದೊಂದು ಇದೆ ಅಂತಲೂ ಗೊತ್ತಿರಬಾರದು. ಹಣವನ್ನು ದಶಮಾಂಶದಲ್ಲಿ (ಫ್ಲೋಟ್) ಇಡಬೇಡಿ, ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವುದು ನೀವೂ ನೋಡಿರುತ್ತೀರಿ. ತೂಕವನ್ನು ಗ್ರಾಂನಲ್ಲಿ ಇಡಿ.

ಲೆಕ್ಕ ಒಂದೇ ಕಡೆ ಇರಬೇಕು ಅನ್ನುವುದಕ್ಕೆ ಒಂದು ಸಣ್ಣ ಸಾಕ್ಷಿ ಕೊಡುತ್ತೇನೆ. ₹101 ಬೆಲೆಯ ಸಾಮಾನು, ತೆರಿಗೆ ಶೇ 5. ರಾಜ್ಯದೊಳಗಿನ ಮಾರಾಟವಾದ್ದರಿಂದ ಸಿಜಿಎಸ್‌ಟಿ ಎರಡೂವರೆ, ಎಸ್‌ಜಿಎಸ್‌ಟಿ ಎರಡೂವರೆ. ಮೊತ್ತದ ಲೇಬಲ್ ಬರೆದಾಗ ನೀವು ನೇರವಾಗಿ ಶೇ 5 ಹಾಕಿದಿರಿ. ಉತ್ತರ ₹5.05. ಪ್ರಿಂಟ್ ಬರೆದಾಗ ಎರಡು ತೆರಿಗೆಯನ್ನೂ ಬೇರೆ ಬೇರೆ ತೋರಿಸಬೇಕಾಯಿತು. ಒಂದೊಂದು 252.5 ಪೈಸೆ. ಅರ್ಧ ಪೈಸೆಯನ್ನು ಮೇಲಕ್ಕೆ ಏರಿಸಿದರೆ 253, ಎರಡೂ ಸೇರಿ ₹5.06. ಪೈಥಾನ್‌ನ 'ರೌಂಡ್' ಬಳಸಿದಿರಾ? ಅದು ನಡುವೆ ಸರಿಯಾಗಿ ಬಿದ್ದ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. 252.5 ಅಂದರೆ 252. ಎರಡೂ ಸೇರಿ ₹5.04.

ಒಂದೇ ಸಾಮಾನು, ಒಂದೇ ದರ, ಮೂರು ಉತ್ತರ. ಅಂಗಡಿಯವರಿಗೆ ಯಾವುದು ಬೇಕು ಅಂತ ಅವರ ಲೆಕ್ಕಪರಿಶೋಧಕರನ್ನು ಕೇಳಿ. ಉತ್ತರ ಏನೇ ಬಂದರೂ ಅದನ್ನು 'ಲೆಕ್ಕ' ಫೋಲ್ಡರಿನ 'ತೆರಿಗೆ' ಎಂಬ ಫೈಲಿನ ಒಂದೇ ಫಂಕ್ಷನ್ನಿನಲ್ಲಿ ಬರೆಯಿರಿ. ಲೇಬಲ್, ಪ್ರಿಂಟ್, ವರದಿ ಎಲ್ಲವೂ ಅದನ್ನೇ ಕರೆಯಲಿ. ಅರ್ಧವನ್ನು ಮೇಲಕ್ಕೆ ಏರಿಸಬೇಕಿದ್ದರೆ ಪೂರ್ಣಾಂಕದಲ್ಲೇ ಮಾಡಬಹುದು. ಎರಡೂವರೆಯನ್ನು 250 ಅಂತ ಇಟ್ಟುಕೊಂಡು, ಪೈಸೆಯಿಂದ ಗುಣಿಸಿ, 5000 ಕೂಡಿಸಿ, 10000ದಿಂದ ಪೂರ್ಣಾಂಕ ಭಾಗಾಕಾರ ಮಾಡಿ. 10100 ಪೈಸೆಗೆ 253 ಬರುತ್ತದೆ.

ಇನ್ನು ದರಗಳ ವಿಷಯ. ಹೊಸ ಬಿಲ್ಲಿಗೆ ದರವನ್ನು ಪಟ್ಟಿಯಿಂದ ತೆಗೆಯಿರಿ, ಆ ಪಟ್ಟಿಯಲ್ಲಿ 'ಯಾವ ದಿನದಿಂದ' ಎಂಬ ಒಂದು ಕಾಲಂ ಇರಲಿ. ಬಿಲ್ಲು ಉಳಿಸುವಾಗ ಆಗಿನ ದರವನ್ನು ಪ್ರತಿ ಸಾಲಿನ ಜೊತೆಗೇ ಬರೆದುಬಿಡಿ. ಆಮೇಲೆ ದರ ಎಷ್ಟು ಸಲ ಬದಲಾದರೂ ಹಳೆಯ ಬಿಲ್ಲು ಹಳೆಯ ದರದಲ್ಲೇ ಅಚ್ಚಾಗುತ್ತದೆ.

ತಪ್ಪುಗಳನ್ನು ತಿಳಿಸುವುದು ಹೇಗೆ? ಪ್ರಮಾಣ ಸೊನ್ನೆ ಇದ್ದರೆ 'ಲೆಕ್ಕ' ಮೆಸೇಜ್ ಬಾಕ್ಸ್ ತೋರಿಸಬಾರದು. ತನ್ನದೇ ಒಂದು ಎಕ್ಸೆಪ್ಷನ್ ಎಸೆಯಲಿ, ಅಥವಾ ತಪ್ಪುಗಳ ಪಟ್ಟಿ ಹಿಂತಿರುಗಿಸಲಿ. ಪಟ್ಟಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಫಾರ್ಮಿನಲ್ಲಿ ಮೂರು ತಪ್ಪಿದ್ದರೆ ಮೂರನ್ನೂ ಒಟ್ಟಿಗೆ ತೋರಿಸಬಹುದು. ಒಂದು ತಿದ್ದಿದ ಮೇಲೆ ಇನ್ನೊಂದು ಬಾಕ್ಸ್ ಎದ್ದು ಬಂದರೆ ಕೌಂಟರಿನಲ್ಲಿ ಕೂತವರಿಗೆ ಸಿಟ್ಟು ಬರುತ್ತದೆ.

ಹಂತ 4: ಉಗ್ರಾಣ

ನಿಯಮ ಸರಳ. ಎಸ್‌ಕ್ಯೂಎಲ್ ಸಾಲು ಈ ಫೋಲ್ಡರಿನ ಹೊರಗೆ ಎಲ್ಲೂ ಕಾಣಬಾರದು. 'ಬಿಲ್‌ಉಗ್ರಾಣ' ಅಂತ ಒಂದು ಕ್ಲಾಸ್ ಮಾಡಿ. ಅದಕ್ಕೆ 'ಸೇರಿಸು', 'ನಂಬರಿನಿಂದ ತೆಗೆ', 'ದಿನದ ಪಟ್ಟಿ' ಥರದ ನಾಲ್ಕೈದು ಫಂಕ್ಷನ್ ಕೊಡಿ. ಇವು 'ಬಿಲ್ಲು' ಎಂಬ ಡೇಟಾಕ್ಲಾಸನ್ನೇ ತೆಗೆದುಕೊಂಡು ಅದನ್ನೇ ಹಿಂತಿರುಗಿಸಬೇಕು. ಡೇಟಾಬೇಸಿನ ಕಚ್ಚಾ ಸಾಲನ್ನು ಪರದೆಗೆ ಕೊಟ್ಟರೆ, ಕಾಲಂ ಕ್ರಮ ಬದಲಿಸಿದ ದಿನ ಪರದೆಯೂ ಮುರಿಯುತ್ತದೆ.

ಸರಿಸುವಾಗ ಹಳೆಯ ಕೋಡಿನಲ್ಲಿ ನಾಲ್ಕು ಸಂಗತಿ ಗಮನಿಸಿ, ಬೇರೆ ಕಮಿಟ್‌ನಲ್ಲಿ ತಿದ್ದಿ.

ಹೆಸರುಗಳನ್ನು ಎಸ್‌ಕ್ಯೂಎಲ್ ವಾಕ್ಯದೊಳಗೆ ಅಂಟಿಸಿದ್ದರೆ ತೆಗೆದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆ ಹೆಸರುಗಳನ್ನು ಪಕ್ಕದಲ್ಲಿ ಬೇರೆಯಾಗಿ ಕೊಡಿ. ಭದ್ರತೆಯ ಮಾತು ಆಮೇಲೆ, ಮಂಗಳೂರಿನ ಅಂಗಡಿಗೆ ಡಿ'ಸೋಜಾ ಅಂತ ಗಿರಾಕಿ ಬಂದ ಮೊದಲ ದಿನವೇ ಅಂಟಿಸಿದ ವಾಕ್ಯ ಆ ಒಂಟಿ ಉದ್ಧರಣ ಚಿಹ್ನೆಗೆ ಸಿಕ್ಕಿ ಮುರಿಯುತ್ತದೆ.

ಬಿಲ್ಲಿನ ತಲೆ (ನಂಬರ್, ದಿನಾಂಕ, ಗಿರಾಕಿ) ಮತ್ತು ಅದರ ಸಾಲುಗಳು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಅಂದರೆ ಬರೆದರೆ ಎಲ್ಲವೂ ಇಲ್ಲದಿದ್ದರೆ ಯಾವುದೂ ಇಲ್ಲ ಎಂಬಂತೆ, ಹೋಗಬೇಕು. ಪೈಥಾನ್‌ನ ಎಸ್‌ಕ್ಯೂಲೈಟ್ ಕನೆಕ್ಷನ್ನನ್ನು 'ವಿತ್' ಜೊತೆ ಬಳಸಿದರೆ ಸರಿಯಾದಾಗ ಕಮಿಟ್ (ಬರೆದದ್ದು ಉಳಿಯುವುದು), ತಪ್ಪಾದಾಗ ರೋಲ್‌ಬ್ಯಾಕ್ (ಬರೆದದ್ದು ರದ್ದಾಗುವುದು) ತಾನೇ ಆಗುತ್ತದೆ. ಆದರೆ ಕನೆಕ್ಷನ್ ಮುಚ್ಚುವುದಿಲ್ಲ, ಅದನ್ನು ನೀವೇ ಮುಚ್ಚಬೇಕು.

ಒಂದು ಟೇಬಲ್ಲಿನ ಸಾಲು ಇನ್ನೊಂದರಲ್ಲಿ ನಿಜಕ್ಕೂ ಇರುವ ಸಾಲನ್ನೇ ತೋರಿಸಬೇಕು ಎನ್ನುವ ಫಾರಿನ್ ಕೀ ನಿಯಮಗಳು ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ ಆಫ್ ಇರುತ್ತವೆ. ಪ್ರತಿ ಕನೆಕ್ಷನ್ ತೆರೆದಾಗಲೂ ಪ್ರಾಗ್ಮಾ (ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಬದಲಿಸುವ ಆಜ್ಞೆ) ಕೊಟ್ಟು ಆನ್ ಮಾಡಿ. ಕನೆಕ್ಷನ್ ತೆರೆಯುವ ಜಾಗ ಒಂದೇ ಆಗಿದ್ದರೆ ಇದು ಒಂದು ಸಾಲಿನ ಕೆಲಸ.

ಕೊನೆಯದು, ಡೇಟಾಬೇಸ್ ಫೈಲು ಎಲ್ಲಿದೆ ಎಂಬುದನ್ನು ಉಗ್ರಾಣ ತಾನೇ ಹುಡುಕಬಾರದು. ದಾರಿಯನ್ನು (ಪಾತ್) ಹೊರಗಿನಿಂದ ಕೊಡಿ. 'ಮೇನ್' ಫೈಲು ಕ್ಯೂಟಿಯ (ಪೈಸೈಡ್6ರ ಒಳಗಿರುವ ಮೂಲ ಲೈಬ್ರರಿ) 'ಸ್ಟ್ಯಾಂಡರ್ಡ್ ಪಾತ್ಸ್' ಕ್ಲಾಸನ್ನು ಕೇಳಿ, ಬಳಕೆದಾರರ ಡೇಟಾ ಫೋಲ್ಡರ್ ತಿಳಿದುಕೊಂಡು ಉಗ್ರಾಣಕ್ಕೆ ಹೇಳಲಿ. ಆ್ಯಪ್ ಇರುವ ಫೋಲ್ಡರಿನಲ್ಲೇ ಡೇಟಾ ಇಟ್ಟರೆ, ವಿಂಡೋಸ್‌ನಲ್ಲಿ 'ಪ್ರೋಗ್ರಾಂ ಫೈಲ್ಸ್' ಒಳಗೆ ಇನ್‌ಸ್ಟಾಲ್ ಮಾಡಿದ ದಿನ ಬರೆಯಲು ಅನುಮತಿಯೇ ಇರುವುದಿಲ್ಲ. ಹೊರಗಿನಿಂದ ದಾರಿ ಕೊಡುವುದರ ಇನ್ನೊಂದು ಲಾಭ ಏನೆಂದರೆ, ಟೆಸ್ಟ್ ಮಾಡುವಾಗ ಫೈಲಿನ ಬದಲು ಎರಡೂ ಬದಿ ಕೋಲನ್ ಇರುವ 'ಮೆಮೊರಿ' ಎಂಬ ವಿಶೇಷ ಹೆಸರು ಕೊಟ್ಟರೆ ಇಡೀ ಡೇಟಾಬೇಸ್ ರ‍್ಯಾಮ್‌ನಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ.

ಹಂತ 5: ಪರದೆಯನ್ನು ತುಂಡು ಮಾಡುವುದು

ಈಗ ಉಳಿದದ್ದು ಬರೀ ವಿಜೆಟ್‌ಗಳು. ಕಿಟಕಿಯನ್ನು ಕಣ್ಣಿನಿಂದಲೇ ನೋಡಿ. ಬಿಲ್ಲು ತುಂಬುವ ಫಾರ್ಮ್, ಇವತ್ತಿನ ಬಿಲ್ಲುಗಳ ಟೇಬಲ್, ವರದಿಯ ಟ್ಯಾಬ್, ಸೆಟ್ಟಿಂಗ್ಸ್ ಡಯಲಾಗ್. ಒಂದೊಂದಕ್ಕೂ ಒಂದು ಕ್ಲಾಸ್, ಒಂದು ಫೈಲು. ಮುಖ್ಯ ಕಿಟಕಿಯ ಕೆಲಸ ಇವುಗಳನ್ನು ಜಾಗದಲ್ಲಿ ಕೂರಿಸುವುದು, ಮೆನು ಇಡುವುದು, ಅಷ್ಟೇ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಫಾರ್ಮ್ ಬೇರೆ ಫೈಲಿಗೆ ಹೋಯಿತು. ಆದರೆ ಬಿಲ್ಲು ಸೇವ್ ಆದ ಮೇಲೆ ಟೇಬಲ್ ಬದಲಾಗಬೇಕು. ಟೇಬಲ್ ಇರುವುದು ಮುಖ್ಯ ಕಿಟಕಿಯಲ್ಲಿ. ಆಗ ಕೈ ತಾನಾಗಿ 'ಪೇರೆಂಟ್‌ನ ಪೇರೆಂಟ್‌ನ ಟೇಬಲ್' ಅಂತ ಬರೆಯುತ್ತದೆ (ಪೇರೆಂಟ್ ಅಂದರೆ ಒಂದು ವಿಜೆಟ್ ಯಾವುದರೊಳಗೆ ಕೂತಿದೆಯೋ ಅದು). ಫಾರ್ಮನ್ನು ನಾಳೆ ಒಂದು ಟ್ಯಾಬ್ ಒಳಗೆ ಕೂರಿಸಿದರೆ ಪೇರೆಂಟ್‌ಗಳ ಸರಪಳಿ ಒಂದು ಕೊಂಡಿ ಉದ್ದವಾಗಿ ಆ್ಯಪ್ ಬೀಳುತ್ತದೆ. ಫೈಲು ಎರಡಾದರೂ ಕೋಡ್ ಇನ್ನೂ ಒಂದೇ.

ಕ್ಯೂಟಿಯ ಸಿಗ್ನಲ್, ಅಂದರೆ 'ಇಂಥದ್ದು ಆಯಿತು' ಅಂತ ಒಂದು ವಸ್ತು ಹೊರಗೆ ಕಳಿಸುವ ಸುದ್ದಿ, ಇರುವುದೇ ಇದಕ್ಕೆ. ಫಾರ್ಮ್ ಕ್ಲಾಸಿನಲ್ಲಿ 'ಉಳಿಸಲು ಕೇಳಿದರು' ಎಂಬ ಒಂದು ಸಿಗ್ನಲ್ ಇಡಿ. ಅದನ್ನು ಕ್ಲಾಸಿನ ಮಟ್ಟದಲ್ಲಿ ಬರೆಯಬೇಕು, ವಸ್ತು ಹುಟ್ಟುವಾಗ ಓಡುವ 'ಇನಿಟ್' ಫಂಕ್ಷನ್ ಒಳಗಲ್ಲ. ಇನಿಟ್‌ನಲ್ಲಿ ಬರೆದರೆ ಕನೆಕ್ಟ್ ಮಾಡಲು ಆಗುವುದಿಲ್ಲ. ಬಟನ್ ಒತ್ತಿದಾಗ ಫಾರ್ಮ್ ತನ್ನ ಬಾಕ್ಸ್‌ಗಳಲ್ಲಿರುವುದನ್ನು ಒಟ್ಟು ಮಾಡಿ ಆ ಸಿಗ್ನಲ್ ಜೊತೆ ಕಳಿಸುತ್ತದೆ. ಯಾರು ಕೇಳಿಸಿಕೊಳ್ಳುತ್ತಾರೆ, ಅವರು ಏನು ಮಾಡುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ. ಹೊರಗಿನವರು ಫಾರ್ಮಿಗೆ ಏನಾದರೂ ಹೇಳಬೇಕಿದ್ದರೆ 'ಖಾಲಿ ಮಾಡು', 'ತಪ್ಪುಗಳನ್ನು ತೋರಿಸು' ಎಂಬ ಫಂಕ್ಷನ್ ಕರೆಯಲಿ. ಅದರ ಒಳಗಿನ ಬಾಕ್ಸ್‌ಗಳಿಗೆ ನೇರ ಕೈ ಹಾಕಬಾರದು.

ಟೇಬಲ್‌ನಲ್ಲಿ ಒಂದು ಬಿಲ್ಲನ್ನು ಎರಡು ಸಲ ಕ್ಲಿಕ್ ಮಾಡಿದಾಗ ಸಿಗ್ನಲ್‌ನಲ್ಲಿ ಸಾಲಿನ ನಂಬರ್ ಕಳಿಸಬೇಡಿ, ಬಿಲ್ ನಂಬರ್ ಕಳಿಸಿ. ಬಳಕೆದಾರರು ಮೊತ್ತದ ಕಾಲಂ ಒತ್ತಿ ಕ್ರಮ ಬದಲಿಸಿದರೆ ಮೂರನೇ ಸಾಲಿನಲ್ಲಿ ಬೇರೆ ಬಿಲ್ಲು ಬಂದು ಕೂತಿರುತ್ತದೆ.

ಟೇಬಲ್‌ಗೆ 'ಕ್ಯೂಟೇಬಲ್‌ವಿಜೆಟ್' ಸಾಕೋ, 'ಕ್ಯೂಟೇಬಲ್‌ವ್ಯೂ' ಮತ್ತು ಮಾಡೆಲ್ (ಟೇಬಲ್‌ಗೆ ಮಾಹಿತಿ ಒದಗಿಸುವ ಬೇರೆ ಕ್ಲಾಸ್) ಬೇಕೋ? ದಿನಕ್ಕೆ ನೂರಿನ್ನೂರು ಬಿಲ್ಲು ತೋರಿಸುವುದಾದರೆ ಮೊದಲನೆಯದೇ ಸಾಕು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಾವಿರಾರು ಸಾಲು, ಹುಡುಕಾಟ, ಫಿಲ್ಟರ್ ಬಂದಾಗ ಮಾಡೆಲ್ ಬರೆಯಿರಿ. ಬರೀ ತೋರಿಸುವ ಟೇಬಲ್‌ಗೆ ಎಷ್ಟು ಸಾಲು, ಎಷ್ಟು ಕಾಲಂ, ಈ ಜಾಗದಲ್ಲಿ ಏನು ಎಂದು ಹೇಳುವ ಮೂರು ಫಂಕ್ಷನ್ ಕಡ್ಡಾಯ, ಕಾಲಂಗಳ ಮೇಲಿನ ಹೆಸರುಗಳಿಗೆ ನಾಲ್ಕನೆಯದು. ಅಷ್ಟೇ.

ಕ್ಯೂಟಿ ಡಿಸೈನರ್‌ನಲ್ಲಿ ಫಾರ್ಮ್ ಎಳೆದು ಮಾಡುವವರು ಅದರಿಂದ ಹುಟ್ಟುವ ಪೈಥಾನ್ ಫೈಲನ್ನು ಕೈಯಿಂದ ತಿದ್ದಬಾರದು. ಮುಂದಿನ ಸಲ ಹುಟ್ಟಿಸಿದಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಆ ಫೈಲುಗಳನ್ನು ಬೇರೆ ಉಪಫೋಲ್ಡರಿನಲ್ಲಿ ಇಡಿ.

ಹಂತ 6: ಜೋಡಣೆ

ಎಲ್ಲ ತುಂಡುಗಳೂ ಸಿದ್ಧವಾದ ಮೇಲೆ ಸೇವ್ ಬಟನ್ನಿನ ಕಥೆ ಹೀಗೆ ಆಗುತ್ತದೆ. ಫಾರ್ಮ್ ಸಿಗ್ನಲ್ ಕಳಿಸುತ್ತದೆ. 'ಜೋಡಣೆ'ಯ ಒಂದು ಫಂಕ್ಷನ್ ಅದನ್ನು ಪಡೆದು ಲೆಕ್ಕಕ್ಕೆ ಕೊಡುತ್ತದೆ. ತಪ್ಪಿದ್ದರೆ ಫಾರ್ಮಿಗೆ 'ತಪ್ಪುಗಳನ್ನು ತೋರಿಸು' ಅಂತ ಹೇಳಿ ನಿಲ್ಲುತ್ತದೆ. ಇಲ್ಲದಿದ್ದರೆ ಉಗ್ರಾಣಕ್ಕೆ 'ಸೇರಿಸು' ಅನ್ನುತ್ತದೆ, ಬಂದ ಬಿಲ್ಲನ್ನು ಟೇಬಲ್‌ಗೆ ಕೊಡುತ್ತದೆ, ಫಾರ್ಮಿಗೆ 'ಖಾಲಿ ಮಾಡು' ಅನ್ನುತ್ತದೆ. ಎಂಬತ್ತು ಸಾಲಿನ ಜಾಗದಲ್ಲಿ ಏಳೆಂಟು ಸಾಲು.

ಇದಕ್ಕೆ ಕಂಟ್ರೋಲರ್ ಅನ್ನಬೇಕೋ ಪ್ರೆಸೆಂಟರ್ ಅನ್ನಬೇಕೋ ಎಂಬ ಜಗಳ ಹಳೆಯದು. ಮಾಹಿತಿ, ಪರದೆ, ಇವೆರಡರ ನಡುವಿನ ಕೆಲಸ ಮೂರನ್ನೂ ಬೇರೆ ಇಡುವ ಮಾಡೆಲ್–ವ್ಯೂ–ಕಂಟ್ರೋಲರ್ ಕಲ್ಪನೆಯನ್ನು ಟ್ರಿಗ್ವೆ ರೀನ್‌ಸ್ಕಾಗ್ ಝೆರಾಕ್ಸ್ ಕಂಪನಿಯ 'ಪಾರ್ಕ್' ಸಂಶೋಧನಾ ಕೇಂದ್ರದಲ್ಲಿ ಬರೆದಿದ್ದು 1979ರಲ್ಲಿ. ಆಮೇಲೆ ಮಾಡೆಲ್–ವ್ಯೂ–ಪ್ರೆಸೆಂಟರ್ (ಎಂವಿಪಿ) ಬಂತು, 2005ರಲ್ಲಿ ಮೈಕ್ರೋಸಾಫ್ಟ್‌ನಿಂದ ಮಾಡೆಲ್–ವ್ಯೂ–ವ್ಯೂಮಾಡೆಲ್ (ಎಂವಿವಿಎಂ) ಬಂತು. ನಿಮ್ಮ ಅಂಗಡಿ ಆ್ಯಪ್‌ಗೆ ಹೆಸರು ಯಾವುದಾದರೂ ಸರಿ. ಇಂಪೋರ್ಟ್ ದಿಕ್ಕು ತಪ್ಪದಿದ್ದರೆ ಆಯಿತು.

'ಮೇನ್' ಫೈಲಿನಲ್ಲಿ ಕೆಲಸ ಕ್ರಮವಾಗಿ ನಡೆಯಲಿ: ಆ್ಯಪ್ ವಸ್ತು, ಡೇಟಾಬೇಸಿನ ದಾರಿ, ಉಗ್ರಾಣ, ಮುಖ್ಯ ಕಿಟಕಿ, ಜೋಡಣೆ, ಕಿಟಕಿ ತೋರಿಸು, ಓಡಿಸು. ಜೋಡಣೆಯ ವಸ್ತುವನ್ನು ಒಂದು ಹೆಸರಿಗೆ ಕಟ್ಟಿ ಇಟ್ಟುಕೊಳ್ಳಿ. ಯಾರೂ ಹಿಡಿದುಕೊಳ್ಳದ ವಸ್ತುವನ್ನು ಪೈಥಾನ್ ಅಳಿಸಿಹಾಕಬಹುದು. ಆಗ ಬಟನ್ ಒತ್ತಿದರೂ ಏನೂ ಆಗುವುದಿಲ್ಲ, ದೋಷವೂ ಕಾಣುವುದಿಲ್ಲ.

ಸುತ್ತಿಕೊಳ್ಳುವ ಇಂಪೋರ್ಟ್

ಬಿಡಿಸುವಾಗ ಯಾವಾಗಲಾದರೂ ಒಮ್ಮೆ 'ಪಾರ್ಷಿಯಲಿ ಇನಿಷಿಯಲೈಸ್ಡ್ ಮಾಡ್ಯೂಲ್' ಎಂದು ಹೇಳುವ, ಪಕ್ಕದಲ್ಲಿ 'ಸರ್ಕ್ಯುಲರ್ ಇಂಪೋರ್ಟ್ ಇರಬಹುದು' ಎನ್ನುವ ದೋಷ ಬಂದೇ ಬರುತ್ತದೆ. ಫಾರ್ಮ್ ಫೈಲು ಟೇಬಲ್ ಫೈಲನ್ನು ಕರೆಯಿತು, ಟೇಬಲ್ ಫೈಲು ತಿರುಗಿ ಫಾರ್ಮನ್ನು ಕರೆಯಿತು. ಮೊದಲನೆಯದು ಇನ್ನೂ ಅರ್ಧ ಓದಿಯಾಗಿರುವಾಗಲೇ ಎರಡನೆಯದು ಅದರಿಂದ ಹೆಸರು ಕೇಳುತ್ತಿದೆ.

ಇಂಪೋರ್ಟ್ ಸಾಲನ್ನು ಫಂಕ್ಷನ್ ಒಳಗೆ ಇಳಿಸಿದರೆ ದೋಷ ಮಾಯವಾಗುತ್ತದೆ, ಕಾಯಿಲೆ ಉಳಿಯುತ್ತದೆ. ಎರಡಕ್ಕೂ ಬೇಕಾದದ್ದು ಒಂದೇ ಕ್ಲಾಸ್ ಆಗಿದ್ದರೆ ಅದನ್ನು ಮೂರನೇ ಫೈಲಿಗೆ, ಬಹುತೇಕ ಸಲ 'ಲೆಕ್ಕ'ಕ್ಕೆ, ಒಯ್ಯಿರಿ. ಒಂದು ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಿದ್ದರೆ ಸಿಗ್ನಲ್ ಮಾಡಿ ಜೋಡಣೆಗೆ ಬಿಡಿ. ಬರೀ ಟೈಪ್ ಹಿಂಟ್‌ಗಾಗಿ (ಇದು ಯಾವ ಬಗೆಯ ವಸ್ತು ಅಂತ ಕೋಡಿನಲ್ಲಿ ಹಾಕುವ ಗುರುತು) ಇಂಪೋರ್ಟ್ ಬೇಕಿದ್ದರೆ ಮಾತ್ರ 'ಟೈಪ್ ಚೆಕಿಂಗ್' ಷರತ್ತಿನೊಳಗೆ ಹಾಕಿ.

ಮತ್ತೆ 'ಯುಟಿಲ್ಸ್' ಅಂತ ಒಂದು ಫೈಲು ಮಾಡಬೇಡಿ. ಅದು ಅಡುಗೆಮನೆಯಲ್ಲಿ ಹೆಸರಿಲ್ಲದ ಡಬ್ಬದ ಹಾಗೆ, ಎಲ್ಲಿ ಇಡಬೇಕು ಅಂತ ಗೊತ್ತಾಗದ ಎಲ್ಲವೂ ಅಲ್ಲಿಗೇ ಸೇರುತ್ತದೆ. ಪೈಸೆಯನ್ನು ರೂಪಾಯಿ ರೂಪದಲ್ಲಿ ತೋರಿಸುವ ಫಂಕ್ಷನ್ನೋ? 'ಹಣ' ಅಂತ ಫೈಲು ಮಾಡಿ 'ಲೆಕ್ಕ'ದಲ್ಲಿ ಇಡಿ.

ಹಂತ 7: ನಿಧಾನದ ಕೆಲಸಗಳು, ಮುದ್ರಣ, ಪ್ಯಾಕಿಂಗ್

ವರ್ಷದ ವರದಿ, ಬ್ಯಾಕಪ್ ಥರದ ಕೆಲಸ ಮಾಡುವಾಗ ಕಿಟಕಿ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಬರುತ್ತದೆ ಅಲ್ವಾ? ಅಂಥ ಕೆಲಸಕ್ಕೆ ಬೇರೆ ಥ್ರೆಡ್, ಅಂದರೆ ಮುಖ್ಯ ಕೆಲಸದ ಜೊತೆಜೊತೆಗೇ ಓಡುವ ಇನ್ನೊಂದು ಎಳೆ, ಬೇಕು. ಎರಡು ಗೆರೆ ದಾಟಬೇಡಿ. ವಿಜೆಟ್‌ಗಳನ್ನು ಮುಖ್ಯ ಥ್ರೆಡ್ ಬಿಟ್ಟು ಬೇರೆ ಕಡೆಯಿಂದ ಮುಟ್ಟಬಾರದು, ಸಿಗ್ನಲ್ ಕಳಿಸಿ ಮುಖ್ಯ ಥ್ರೆಡ್‌ನಲ್ಲೇ ಬದಲಿಸಬೇಕು. ಪೈಥಾನ್‌ನ ಎಸ್‌ಕ್ಯೂಲೈಟ್ ಕನೆಕ್ಷನ್ನನ್ನು ತೆರೆದ ಥ್ರೆಡ್‌ನಲ್ಲೇ ಬಳಸಬೇಕು, ಇಲ್ಲದಿದ್ದರೆ ದೋಷ ಎಸೆಯುತ್ತದೆ. ಉಗ್ರಾಣಕ್ಕೆ ದಾರಿಯನ್ನು ಹೊರಗಿನಿಂದ ಕೊಡುವಂತೆ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊಸ ಥ್ರೆಡ್ ಅದೇ ದಾರಿಯಿಂದ ತನ್ನದೊಂದು ಉಗ್ರಾಣ ತೆರೆದುಕೊಳ್ಳುತ್ತದೆ.

ಮುದ್ರಣವನ್ನು ಪರದೆಯಿಂದ ಬೇರೆ ಇಟ್ಟದ್ದಕ್ಕೆ ಕನ್ನಡದ ಆ್ಯಪ್‌ಗಳಲ್ಲಿ ಇನ್ನೂ ಒಂದು ಕಾರಣವಿದೆ. ಅಕ್ಷರ ಜೋಡಣೆ ತಿಳಿಯದ ಪಿಡಿಎಫ್ ಲೈಬ್ರರಿ ಬಳಸಿದರೆ ಪರದೆಯಲ್ಲಿ ಚೆನ್ನಾಗಿ ಕಾಣುವ ಒತ್ತಕ್ಷರಗಳು ಬಿಲ್ಲಿನಲ್ಲಿ ಒಡೆದು ಬರುತ್ತವೆ. 'ಅಕ್ಕಿ'ಯಲ್ಲಿ ಕ ಒತ್ತು ಕೆಳಗೆ ಬರದೆ ಪಕ್ಕದಲ್ಲಿ ನಿಲ್ಲುತ್ತದೆ. ಕ್ಯೂಟಿಯದೇ 'ಕ್ಯೂಟೆಕ್ಸ್ಟ್‌ಡಾಕ್ಯುಮೆಂಟ್' ಮೂಲಕ ಪಿಡಿಎಫ್ ಮಾಡಿದರೆ ಪರದೆಯ ಜೋಡಣೆಯೇ ಕಾಗದಕ್ಕೂ ಬರುತ್ತದೆ. ಲೈಬ್ರರಿ ಬದಲಿಸಬೇಕಾದರೂ 'ಮುದ್ರಣ' ಫೋಲ್ಡರ್ ಒಂದನ್ನೇ ಮುಟ್ಟಿದರೆ ಆಯಿತು. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಒಂದನ್ನು ಆ್ಯಪ್ ಜೊತೆಗೇ ಕೊಡಿ.

ಫಾಂಟ್, ಐಕಾನ್‌ಗಳ ದಾರಿಯನ್ನು ಬರೆಯುವಾಗ 'ಈಗ ನಿಂತಿರುವ ಫೋಲ್ಡರ್' ನಂಬಬೇಡಿ, ಮಾಡ್ಯೂಲ್ ಫೈಲು ಇರುವ ಜಾಗದಿಂದ ಲೆಕ್ಕ ಹಾಕಿ. ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡುವಂತೆ ಪ್ಯಾಕ್ ಮಾಡುವ ಪೈಇನ್‌ಸ್ಟಾಲರ್ ಒಂದೇ ಫೈಲಿನ ಆ್ಯಪ್ ಮಾಡಿದಾಗ ಎಲ್ಲವನ್ನೂ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿ ಓಡಿಸುತ್ತದೆ. ಐಕಾನ್‌ಗಳನ್ನು ಸೇರಿಸಲು ಅದಕ್ಕೆ ಬೇರೆಯಾಗಿ ಹೇಳಬೇಕು. ವಿಂಡೋಸ್ ಆ್ಯಪ್ ಬೇಕಿದ್ದರೆ ವಿಂಡೋಸ್‌ನಲ್ಲೇ ಪ್ಯಾಕ್ ಮಾಡಬೇಕು, ಲಿನಕ್ಸ್‌ನಿಂದ ಆಗುವುದಿಲ್ಲ.

ಹಂತ 8: ಬಿಡಿಸಿದ್ದು ಸರಿಯಾಗಿದೆಯೇ?

ಆರಂಭದಲ್ಲಿ ಬರೆದಿಟ್ಟ ಬಿಲ್ಲುಗಳನ್ನು ಪೈಟೆಸ್ಟ್‌ನ (ಕೋಡನ್ನು ತಾನೇ ಪರೀಕ್ಷಿಸುವ ಸಾಧನ) ಟೆಸ್ಟ್‌ಗಳಾಗಿ ಮಾಡಿ. ಕಿಟಕಿ ತೆರೆಯದೆ ಅವು ಓಡಬೇಕು. ₹101ರ ಬಿಲ್ಲನ್ನೂ ಸೇರಿಸಿ. ಆಮೇಲೆ 'ಲೆಕ್ಕ' ಮತ್ತು 'ಉಗ್ರಾಣ' ಫೋಲ್ಡರುಗಳಲ್ಲಿ 'ಪೈಸೈಡ್' ಎಂಬ ಪದ ಹುಡುಕಿ. ಒಂದೂ ಸಿಗಬಾರದು. 'ಪರದೆ'ಯಲ್ಲಿ 'ಸೆಲೆಕ್ಟ್', 'ಇನ್ಸರ್ಟ್' ಹುಡುಕಿ. ಸಾಲು ಆಯ್ಕೆಗೆ ಸಂಬಂಧಿಸಿದ ಕ್ಯೂಟಿ ಹೆಸರುಗಳು ಸಿಗಬಹುದು, ಎಸ್‌ಕ್ಯೂಎಲ್ ವಾಕ್ಯ ಸಿಗಬಾರದು.

ಒಂದು ಹೊಸ ಸೌಲಭ್ಯ ಸೇರಿಸಿದಾಗ ನಿಜವಾದ ಪರೀಕ್ಷೆ. ಬಿಲ್ಲಿನ ಕೆಳಗೆ ಯುಪಿಐ ಕ್ಯೂಆರ್ ಬೇಕು ಅಂತ ಅಂಗಡಿಯವರು ಕೇಳಿದರು ಅನ್ನಿ. ಕ್ಯೂಆರ್ ಒಳಗೆ ಇರುವುದು ಒಂದು ಕೊಂಡಿ (ಲಿಂಕ್): ಪಾವತಿ ವಿಳಾಸ, ಹೆಸರು, ಮೊತ್ತ, ಕರೆನ್ಸಿ. ಅದನ್ನು ಕಟ್ಟುವ ಫಂಕ್ಷನ್ 'ಲೆಕ್ಕ'ಕ್ಕೆ. ಅಂಗಡಿಯ ಹೆಸರಿನಲ್ಲಿ ಖಾಲಿ ಜಾಗ, ಕನ್ನಡ ಅಕ್ಷರ ಇದ್ದರೆ ಕೊಂಡಿಗೆ ಹೊಂದುವಂತೆ ಎನ್‌ಕೋಡ್ ಮಾಡುವುದೂ ಅಲ್ಲೇ. ಅದನ್ನು ಚಿತ್ರ ಮಾಡುವ ಕೆಲಸ 'ಮುದ್ರಣ'ಕ್ಕೆ, ಸೆಗ್ನೋ ಥರದ ಸಣ್ಣ ಲೈಬ್ರರಿ ಸಾಕು. ಯುಪಿಐ ವಿಳಾಸ ಕೇಳುವ ಒಂದು ಬಾಕ್ಸ್ ಸೆಟ್ಟಿಂಗ್ಸ್ ಡಯಲಾಗ್‌ಗೆ, ಅದನ್ನು ಉಳಿಸುವ ಒಂದು ಫಂಕ್ಷನ್ ಉಗ್ರಾಣಕ್ಕೆ. ಬಿಲ್ಲು ತುಂಬುವ ಫಾರ್ಮ್ ಫೈಲನ್ನು ತೆರೆಯುವುದೇ ಬೇಡ.

ಟೆಸ್ಟ್ ಒಂದನ್ನು ಮರೆಯಬೇಡಿ. ನಿಮ್ಮ ಒಳಗಿನ ಮೊತ್ತ ಪೈಸೆಯಲ್ಲಿದೆ, ಯುಪಿಐ ಕೊಂಡಿಗೆ ರೂಪಾಯಿ ಬೇಕು. 50500 ಕೊಟ್ಟರೆ ಕೊಂಡಿಯಲ್ಲಿ 505.00 ಅಂತ ಬರಬೇಕು. ಇದು ತಪ್ಪಿದರೆ ಐನೂರ ಐದು ರೂಪಾಯಿ ಸಾಮಾನು ತೆಗೆದುಕೊಂಡ ಗಿರಾಕಿಯ ಫೋನಿನಲ್ಲಿ ಐವತ್ತು ಸಾವಿರದ ಐನೂರು ಕಾಣಿಸುತ್ತದೆ.